ಹತ್ತು ಹೆಜ್ಜೆಯ ದೂರ

ಲೋಕಾಪುರದ ಬಸ್ ನಿಲ್ದಾಣದಿಂದ ಮುಧೋಳದ ಕಡೆಗೆ ನಡೆದರೆ ಎಡಕ್ಕೆ ಐದಾರು ಅಂಗಡಿಗಳ ಒಂದು ಸಾಲು ಸಿಗುತ್ತದೆ. ಮೂರನೆಯದು ಪರಮಾನಂದನ ಮೋಟರ್ ವೈಂಡಿಂಗ್ ಅಂಗಡಿ. ಅದಕ್ಕೆ ಅಂಟಿಕೊಂಡ ನಾಲ್ಕನೆಯದು ವಿಜಯನ ಕಂಪ್ಯೂಟರ್ ಸೆಂಟರ್. ನಡುವೆ ಇರುವುದು ಒಂದೇ ಗೋಡೆ. ಈ ಬಾಗಿಲಿನಿಂದ ಆ ಬಾಗಿಲಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ಪರಮಾನಂದ ಒಮ್ಮೆ ನಡೆದು, ಮತ್ತೆ ಇಪ್ಪತ್ತೆರಡು ದಿನ ನಡೆಯದೇ ಹೋದ.

ಅವನಿಗೆ ನಲವತ್ತೊಂದು ವರ್ಷ. ಸುತ್ತಲಿನ ರೈತರು ಅವನ ಬಗ್ಗೆ ಎರಡು ಮಾತು ಹೇಳುತ್ತಿದ್ದರು, ಎರಡೂ ನಿಜ. ಮೋಟರ್ ಕೆಲಸದಲ್ಲಿ ಅವನ ಕೈಗೆ ಸರಿಸಾಟಿ ಇಲ್ಲ ಎಂಬುದು ಒಂದು. ಸುಟ್ಟ ಮೋಟರನ್ನು ಅವನು ಕಿವಿ ಕೊಟ್ಟು ಕೇಳಿ, ಮೂಸಿ ನೋಡಿ, ಬಿಚ್ಚುವ ಮೊದಲೇ ಎಲ್ಲಿ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಅವನ ಅಂಗಡಿಯಲ್ಲಿ ಮೋಟರ್ ಬಿಟ್ಟುಹೋಗಬಾರದು, ಎದುರಿಗೇ ಕೂತು ಮಾಡಿಸಿಕೊಂಡು ಹೋಗಬೇಕು ಎಂಬುದು ಇನ್ನೊಂದು. ಬಿಟ್ಟುಹೋದವರ ಮೋಟರುಗಳು ಗೋಡೆಯುದ್ದಕ್ಕೂ ಸಾಲಾಗಿ ಕೂತಿದ್ದವು, ಒಟ್ಟು ಹದಿನಾಲ್ಕು. ಒಂದಕ್ಕೆ ತಾಮ್ರದ ತಂತಿ ಅರ್ಧ ಸುತ್ತಿ ನಿಂತಿತ್ತು. ಇನ್ನೊಂದಕ್ಕೆ ಎಲ್ಲ ಮುಗಿದು ವಾರ್ನಿಶ್ ಹಾಕುವುದಷ್ಟೇ ಬಾಕಿ. ಮತ್ತೊಂದಕ್ಕೆ ನಾಲ್ಕು ಬೋಲ್ಟು ಬಿಗಿದರೆ ಸಾಕು, ಆ ನಾಲ್ಕು ಬೋಲ್ಟು ಅಲ್ಲೇ ಒಂದು ಬಟ್ಟಲಿನಲ್ಲಿ ಧೂಳು ಹಿಡಿದಿದ್ದವು. ಯಾರಾದರೂ ಬಂದು ಕೇಳಿದರೆ ಪರಮಾನಂದ ನಾಳೆ ಬರಲು ಹೇಳುತ್ತಿದ್ದ. ಹೇಳುವಾಗ ಅದನ್ನು ಅವನೂ ಪೂರ್ತಿಯಾಗಿ ನಂಬುತ್ತಿದ್ದ.

ಮನೆ ಇದ್ದದ್ದು ಲೋಕಾಪುರದಿಂದ ಏಳು ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ಹೆಂಡತಿ ರಾಜಶ್ರೀ, ತಾಯಿ ಸಾವಿತ್ರೆವ್ವ, ಆರನೇ ಇಯತ್ತೆ ಓದುವ ಮಗಳು ಅಕ್ಷತಾ. ರಾಜಶ್ರೀ ಬೀಳಗಿಯ ಕಡೆಯವಳು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು, ಮುಂದೆ ಓದುವ ಆಸೆ ಇದ್ದರೂ ಇಪ್ಪತ್ತಕ್ಕೆ ಮದುವೆಯಾಗಿ ಬಂದವಳು. ಸಂಜೆಯಾದರೆ ಓಣಿಯ ಮಕ್ಕಳನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಏನೂ ಕೊಡುತ್ತಿರಲಿಲ್ಲ, ಆದರೂ ಆ ಹೊತ್ತಿಗೆ ಅವಳ ಮುಖ ಬೇರೆಯೇ ಆಗಿಬಿಡುತ್ತಿತ್ತು.

ಆ ವರ್ಷ ಶ್ರಾವಣ ಕಳೆದ ಮೇಲೆ ಊರಿನ ಅಂಗನವಾಡಿ ಕಾರ್ಯಕರ್ತೆ ನಿವೃತ್ತಳಾದಳು. ಆ ಜಾಗಕ್ಕೆ ಅರ್ಜಿ ಕರೆದರು. ಅದೇ ಊರಿನ ಸೊಸೆಯೋ ಮಗಳೋ ಆಗಿರಬೇಕು, ಪಿಯುಸಿ ಪಾಸಾಗಿರಬೇಕು, ಮೂವತ್ತೈದು ದಾಟಿರಬಾರದು. ರಾಜಶ್ರೀಗೆ ಮೂವತ್ತೈದು ತುಂಬಲು ಐದಾರು ತಿಂಗಳಷ್ಟೇ ಇತ್ತು. ಊರಲ್ಲಿ ಅರ್ಹತೆ ಇದ್ದವರು ಇಬ್ಬರೇ: ರಾಜಶ್ರೀ ಮತ್ತು ಹಿಂದಿನ ಓಣಿಯ ಶೇವಂತಿ. ಅಂಕ ನೋಡಿದರೆ ರಾಜಶ್ರೀಯದೇ ಹೆಚ್ಚು. ಹೋದ ಕಾರ್ಯಕರ್ತೆ ಮೂವತ್ತೊಂದು ವರ್ಷ ಆ ಜಾಗದಲ್ಲಿದ್ದವಳು. ಈ ಸಲ ಬಿಟ್ಟರೆ ಮತ್ತೆ ಸಿಗುವ ಜಾಗ ಅಲ್ಲ ಎನ್ನುವುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು.

ಅರ್ಜಿ ಹಾಕುವುದು ಕಂಪ್ಯೂಟರಿನಲ್ಲಿ. ರಾಜಶ್ರೀ ತಾನೇ ಹೋಗುವವಳಿದ್ದಳು. ಆದರೆ ಅದೇ ವಾರ ಸಾವಿತ್ರೆವ್ವನ ಕಣ್ಣಿನ ಆಪರೇಷನ್ ಆಗಿ, ಎರಡು ತಾಸಿಗೊಮ್ಮೆ ಕಣ್ಣಿಗೆ ಔಷಧಿ ಹಾಕಬೇಕಿತ್ತು. ವಿಜಯನ ಕಂಪ್ಯೂಟರ್ ತನ್ನ ಪಕ್ಕದಲ್ಲೇ ಇರುವಾಗ ಅವಳು ಯಾಕೆ ಅಲೆಯಬೇಕು, ತಾನೇ ಹಾಕಿಸಿಕೊಂಡು ಬರುತ್ತೇನೆ ಎಂದು ಪರಮಾನಂದ ಮುಂದೆ ಬಿದ್ದು ಹೇಳಿದ. ರಾಜಶ್ರೀ ಒಂದು ಗಳಿಗೆ ಅನುಮಾನಿಸಿದಳು. ಹದಿನಾಲ್ಕು ವರ್ಷ ಸಂಸಾರ ಮಾಡಿದವಳು, ಅವನ ನಾಳೆಗಳು ಅವಳಿಗೆ ಹೊಸವಲ್ಲ. ಆದರೂ ಕೊಟ್ಟಳು. ಮಾರ್ಕ್ಸ್ ಕಾರ್ಡು, ವಾಸಸ್ಥಳದ ಪತ್ರ, ಜಾತಿ ಪತ್ರ ಎಲ್ಲವನ್ನೂ ಒಂದು ನೀಲಿ ಫೈಲಿನಲ್ಲಿ ಜೋಡಿಸಿ, ರಬ್ಬರ್ ಹಾಕಿ, ಕೊನೆಯ ದಿನಾಂಕವನ್ನು ಮೇಲೆ ದೊಡ್ಡದಾಗಿ ಬರೆದು ಕೊಟ್ಟಳು.

ಮೊದಲ ದಿನವೇ ಪರಮಾನಂದ ವಿಜಯನ ಹತ್ತಿರ ಹೋದ. ಗಿರಾಕಿಗಳ ಸರದಿ ಇತ್ತು. ಅರ್ಧ ಗಂಟೆ ಬಿಟ್ಟು ಬಾ ಎಂದ ವಿಜಯ. ಆ ಅರ್ಧ ಗಂಟೆಯಲ್ಲಿ ಒಂದು ಮೋಟರ್ ಬಂತು. ಮರುದಿನ ನೆನಪಾಯಿತು, ಆದರೆ ಅರ್ಜಿ ಹಾಕುವಾಗ ರಾಜಶ್ರೀಯ ಫೋನಿಗೆ ಒಂದು ನಂಬರ್ ಬರುತ್ತದೆ, ಅವಳಿಗೆ ಮೊದಲೇ ಹೇಳಿರಬೇಕು ಎಂದು ಗೊತ್ತಾಯಿತು. ಅಷ್ಟು ಸಣ್ಣ ತೊಡಕು ಸಾಕಾಯಿತು. ಮೂರನೆಯ ದಿನದಿಂದ ಆ ಫೈಲು ಬರೀ ಫೈಲಾಗಿ ಉಳಿಯಲಿಲ್ಲ. ಅದನ್ನು ನೋಡಿದರೆ ಅವನ ಎದೆಯಲ್ಲಿ ಏನೋ ಬಿಗಿಯುತ್ತಿತ್ತು, ಕಣ್ಣು ತಾನಾಗಿ ಬೇರೆ ಕಡೆ ಹೊರಳುತ್ತಿತ್ತು. ಇವತ್ತು ಹಾಕಲೇಬೇಕು ಎಂದು ಎದ್ದು ನಿಲ್ಲುತ್ತಿದ್ದ. ನಿಂತವನ ಕೈಗೆ ಒಂದು ಪಾನಾ ಸಿಗುತ್ತಿತ್ತು, ಪಾನಾದ ಹಿಂದೆ ಒಂದು ಬೋಲ್ಟು, ಬೋಲ್ಟಿನ ಹಿಂದೆ ಇನ್ನೊಂದು ಕೆಲಸ. ಸಂಜೆ ಬೈಕ್ ಹತ್ತುವಾಗ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಎಷ್ಟು ಬೈದುಕೊಂಡರೆ ಮರುದಿನ ಆ ಫೈಲು ಅಷ್ಟು ಭಾರವಾಗುತ್ತಿತ್ತು.

ಹನ್ನೆರಡನೆಯ ದಿನ ಊಟಕ್ಕೆ ಬಡಿಸುತ್ತ ರಾಜಶ್ರೀ ಅರ್ಜಿ ಹಾಕಿದ್ದು ಆಯಿತೇ ಎಂದು ಕೇಳಿದಳು. ಅವಳ ಫೋನಿಗೆ ಯಾವ ನಂಬರೂ ಬಂದಿರಲಿಲ್ಲ. ಹಾಗೊಂದು ಬರಬೇಕು ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಪರಮಾನಂದ ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಆತು" ಅಂದ.

ನಾಳೆ ಹೇಗೂ ಹಾಕುತ್ತೇನಲ್ಲ, ಆಗ ಈ ಮಾತು ನಿಜವೇ ಆಗುತ್ತದೆ ಎಂದು ಅವನು ಲೆಕ್ಕ ಹಾಕಿದ್ದ. ಆದರೆ ಆ ಒಂದು ಮಾತಿನಿಂದ ಕೇಳುವವರೂ ಇಲ್ಲದಂತಾಯಿತು. ರಾಜಶ್ರೀ ಮತ್ತೆ ಕೇಳಲಿಲ್ಲ.

ಕೊನೆಯ ದಿನವನ್ನು ಅವನು ಮರೆತಿರಲಿಲ್ಲ. ಮುಂಜಾನೆಯಿಂದ ನೆನಪಿತ್ತು. ಹನ್ನೊಂದಕ್ಕೆ ಹೋಗೋಣ ಅಂದುಕೊಂಡ, ಆಮೇಲೆ ಊಟ ಮುಗಿಸಿ ಅಂದುಕೊಂಡ. ಮೂರು ಗಂಟೆಗೆ ಫೈಲು ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಾಗ ಹೊಳೆಪ್ಪ ಎಂಬ ರೈತ ಟ್ರ್ಯಾಕ್ಟರಿನಲ್ಲಿ ಬೋರಿನ ಮೋಟರ್ ಹಾಕಿಕೊಂಡು ಬಂದ. ನಾಲ್ಕು ದಿನದಿಂದ ಕಬ್ಬಿಗೂ ನೀರಿಲ್ಲ, ದನಗಳಿಗೂ ನೀರಿಲ್ಲ ಎಂದು ಕೈ ಮುಗಿದ. ಒಂದು ಸಲ ಬಿಚ್ಚಿ ನೋಡುತ್ತೇನೆ ಎಂದು ಪರಮಾನಂದ ಫೈಲನ್ನು ವಾರ್ನಿಶ್ ಡಬ್ಬಿಗಳ ಮೇಲಿಟ್ಟ. ಬಿಚ್ಚಿದ ಮೇಲೆ ಅವನಿಗೆ ಲೋಕವೇ ಇರಲಿಲ್ಲ. ಎದೆಯ ಬಿಗಿತ ಸಡಿಲಾಯಿತು, ಕೈ ತಾನಾಗಿ ಓಡಿತು, ತಂತಿಯ ಸುತ್ತಿನ ಮೇಲೆ ಸುತ್ತು ಬಿತ್ತು. ಮೋಟರ್ ತಿರುಗಿ ಹೊಳೆಪ್ಪ ನಕ್ಕಾಗಲೇ ಪರಮಾನಂದ ತಲೆ ಎತ್ತಿದ್ದು. ರಸ್ತೆಯಲ್ಲಿ ದೀಪ ಹತ್ತಿದ್ದವು. ವಿಜಯನ ಶಟರ್ ಕೆಳಗೆ ಬಿದ್ದಿತ್ತು. ಅವನು ಫೋನ್ ಮಾಡಿದ. ವಿಜಯ ಮದುವೆಗೆಂದು ರಬಕವಿಗೆ ಹೋಗಿದ್ದ. ಅರ್ಜಿಯ ಹೊತ್ತು ಐದೂವರೆಗೇ ಮುಗಿಯಿತಲ್ಲ, ಇಷ್ಟು ದಿನ ಏನು ಮಾಡಿದೆ ಎಂದು ಕೇಳಿದ.

ಪರಮಾನಂದ ಫೈಲನ್ನು ಡಬ್ಬಿಗಳ ಮೇಲೆಯೇ ಬಿಟ್ಟು ಅಂಗಡಿ ಮುಚ್ಚಿದ. ಮನೆಗೆ ಹೋಗಿ ಹೇಳಬೇಕೆಂದೇ ಹೊರಟ. ಬಾಗಿಲಲ್ಲಿ ರಾಜಶ್ರೀ ನಗುತ್ತ ಬಂದು, ಇವತ್ತು ಕೊನೇ ದಿನ ಇತ್ತಲ್ಲ, ಶೇವಂತಿಯೂ ಹಾಕಿದ್ದಾಳಂತೆ, ಯಾರಿಗಾದರೂ ಆಗಲಿ ಎಂದಳು. ಅವನು ಚಪ್ಪಲಿ ಬಿಟ್ಟು ಕೈಕಾಲು ತೊಳೆಯಲು ಬಚ್ಚಲಿಗೆ ಹೋದ.

ಆಮೇಲಿನ ಎರಡು ತಿಂಗಳು ಅವಳು ಕಾದಳು. ಅವನು ಅವಳು ಕಾಯುವುದನ್ನು ನೋಡಿದ. ರದ್ದಿ ಕಾಗದದಲ್ಲಿ ಹಕ್ಕಿ, ಎಲೆ, ಹಣ್ಣು ಕತ್ತರಿಸಿ ಬಣ್ಣ ತುಂಬಿ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಸಣ್ಣ ಮಕ್ಕಳಿಗೆ ಒಗ್ಗುವ ಹಾಡುಗಳನ್ನು ಅಕ್ಷತಾಳ ಹಳೆಯ ಪುಸ್ತಕಗಳಿಂದ ಬರೆದುಕೊಳ್ಳುತ್ತಿದ್ದಳು. ಪ್ರತಿ ಮುಂಜಾನೆ ಇವತ್ತು ಹೇಳುತ್ತೇನೆ ಎಂದು ಅವನು ಏಳುತ್ತಿದ್ದ. ಹೇಳದೆ ಮಲಗುತ್ತಿದ್ದ.

ಪಟ್ಟಿ ಬಂತು. ಶೇವಂತಿಯ ಹೆಸರಿತ್ತು. ರಾಜಶ್ರೀಯದು ಆಯ್ಕೆಯಾದವರಲ್ಲೂ ಇಲ್ಲ, ತಿರಸ್ಕರಿಸಿದವರಲ್ಲೂ ಇಲ್ಲ. ಅವಳು ಗೋಡೆ ಹಿಡಿದು ಕೂತಾಗ ಪರಮಾನಂದನ ಬಾಯಿಂದ ಇನ್ನೊಂದು ಸುಳ್ಳು ಬಂತು. ಕಂಪ್ಯೂಟರಿನಲ್ಲಿ ಏನಾದರೂ ಮಾಡಿರಬೇಕು, ಈಗಿನ ಕಾಲದಲ್ಲಿ ಒಳಗಿಂದೊಳಗೆ ಕೈ ಬಿಸಿ ಮಾಡಿದರೆ ಅರ್ಜಿಯೇ ಮಾಯವಾಗುತ್ತದೆ ಅಂದ. ಹೆಂಡತಿಗೆ ಸಮಾಧಾನ ಹೇಳಲು ಆಡಿದ ಆ ಮಾತನ್ನು ಪಕ್ಕದಲ್ಲಿದ್ದ ಸಾವಿತ್ರೆವ್ವ ಕೇಳಿಸಿಕೊಂಡಳು. ಮರುದಿನ ಅದು ಗಿರಣಿಯಲ್ಲಿತ್ತು, ಅದರ ಮರುದಿನ ಇಡೀ ಊರಲ್ಲಿ. ಶೇವಂತಿಯ ಮೈದುನ ಪಂಚಾಯತಿ ಮೆಂಬರ್ ಆಗಿದ್ದದ್ದು ಮಾತಿಗೆ ಕೈಕಾಲು ಕೊಟ್ಟಿತು. ಸಾವಿತ್ರೆವ್ವ ನಳದ ಹತ್ತಿರ ಶೇವಂತಿಯನ್ನು ಕಂಡು ಅವಳ ಮುಂದೆಯೇ ನೆಲಕ್ಕೆ ಉಗುಳಿ ಬಂದಳು.

ರಾಜಶ್ರೀ ಯಾರಿಗೂ ಹೇಳದೆ ಒಂದು ದಿನ ಮುಧೋಳಕ್ಕೆ ಹೋದಳು. ಅಂಗನವಾಡಿಗಳ ತಾಲೂಕು ಕಚೇರಿಯಲ್ಲಿದ್ದ ಹೆಣ್ಣುಮಗಳು ಅವಳ ಎದುರಿಗೇ ಹೆಸರು ಹಾಕಿ ಹುಡುಕಿದಳು, ಆಧಾರ್ ನಂಬರ್ ಹಾಕಿ ಹುಡುಕಿದಳು. ಊರಿನಿಂದ ಬಂದದ್ದು ಒಂದೇ ಅರ್ಜಿ. ಮುಧೋಳದ ಬಸ್ಸಿನಿಂದ ಲೋಕಾಪುರದಲ್ಲಿ ಇಳಿದ ರಾಜಶ್ರೀ ಊರಿಗೆ ಹೋಗುವ ಟಂಟಂ ಆಟೋ ಹತ್ತಲಿಲ್ಲ. ನೇರ ಅಂಗಡಿಗೆ ಬಂದಳು. ಪರಮಾನಂದ ಎದ್ದು ನಿಂತ. ಅವಳು ಅವನನ್ನು ನೋಡಲಿಲ್ಲ, ಅಂಗಡಿಯನ್ನು ನೋಡಿದಳು. ವಾರ್ನಿಶ್ ಡಬ್ಬಿಗಳ ಮೇಲೆ ನೀಲಿ ಫೈಲು ಹಾಗೇ ಇತ್ತು. ರಬ್ಬರ್ ಕೂಡ ಅವಳು ಹಾಕಿದ್ದೇ. ಧೂಳು ಝಾಡಿಸಿ ಫೈಲನ್ನು ಎದೆಗೆ ಒತ್ತಿಕೊಂಡು ಹೊರಟಳು.

ಮನೆಯಲ್ಲೂ ಏನೂ ಅನ್ನಲಿಲ್ಲ. ಅವಳು ಅವನಿಗೆ ಯಾವ ಕೆಲಸವನ್ನೂ ಹೇಳುವುದನ್ನೇ ಬಿಟ್ಟುಬಿಟ್ಟಳು. ಸಂತೆಯಿಂದ ಇದನ್ನು ತನ್ನಿ, ಗ್ಯಾಸಿಗೆ ಫೋನ್ ಮಾಡಿ, ಅಕ್ಷತಾಳ ಶಾಲೆಯ ಕಾಗದಕ್ಕೆ ಸಹಿ ಹಾಕಿ, ಯಾವುದೂ ಇಲ್ಲ. ಎಲ್ಲವನ್ನೂ ತಾನೇ ಮಾಡಿದಳು. ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು. ಒಂದು ದಿನ ಅಕ್ಷತಾ ಪ್ರವಾಸದ ಒಪ್ಪಿಗೆ ಪತ್ರ ಹಿಡಿದು ಅಪ್ಪನ ಮುಂದೆ ಬಂದು, ಏನೋ ನೆನಪಾದವಳಂತೆ ನಿಂತು, ಪತ್ರವನ್ನು ಬೆನ್ನ ಹಿಂದೆ ಮಾಡಿಕೊಂಡು ಅಡುಗೆಮನೆಗೆ ಹೋದಳು. ಹೆಂಡತಿಯ ಮೌನವನ್ನು ಅವನು ಹೇಗೋ ತಡೆದುಕೊಂಡಿದ್ದ. ಆ ಹುಡುಗಿ ತಿರುಗಿ ಹೋದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಅವತ್ತಿನಿಂದ ಅವನಿಗೆ ನಿದ್ದೆ ಸರಿಯಾಗಿ ಬರಲಿಲ್ಲ, ಅನ್ನ ರುಚಿಸಲಿಲ್ಲ. ಅಂಗಡಿಯಲ್ಲಿ ಹೊಸ ಮೋಟರ್ ಬಂದರೂ ಕೈ ಓಡಲಿಲ್ಲ.

ರಾಜಶ್ರೀ ನಡೆದದ್ದನ್ನು ಹೇಳಿದ್ದು ತನ್ನ ತಮ್ಮ ಯುವರಾಜನೊಬ್ಬನಿಗೆ. ಅವನು ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ. ಸಂಕ್ರಾಂತಿ ಕಳೆದ ಒಂದು ರವಿವಾರ ಮಧ್ಯಾಹ್ನ ಅವನು ಅಂಗಡಿಗೆ ಬಂದ. ಜಗಳಕ್ಕೇ ಬಂದಿದ್ದ; ಬೈಕ್ ನಿಲ್ಲಿಸಿದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತ.

"ಮಾಮಾ, ಒಂದ ಮಾತ ಕೇಳ್ತೀನಿ, ಖರೆ ಹೇಳ್ರಿ. ಅಕ್ಕ ನೌಕರಿಗೆ ಹೋಗೂದು ನಿಮಗ ಬ್ಯಾಡಾಗಿತ್ತೇನು?"

"ಬ್ಯಾಡಂತ ಒಂದ ದಿನಾನೂ ಅನಿಸಿಲ್ಲೋ ತಮ್ಮಾ," ಅಂದ ಪರಮಾನಂದ. "ದಿನಾ ಮುಂಜಾನಿ ಇವತ್ತ ಹಾಕಬೇಕಂತನ ಬರ್ತಿದ್ನಿ. ಯಾಕ ಹಾಕಲಿಲ್ಲಂತ ನೀ ಕೇಳಿದ್ರ ನನಗ ಗೊತ್ತಿಲ್ಲ. ದೇವರಾಣಿ, ಗೊತ್ತಿಲ್ಲ." ನಲವತ್ತು ದಾಟಿದ ಗಂಡಸು ಗ್ರೀಸ್ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಯುವರಾಜ ಬಯ್ಯಲೆಂದು ಹೊತ್ತು ತಂದ ಮಾತೆಲ್ಲ ಅವನಲ್ಲೇ ಉಳಿದವು. ಗೋಡೆಯ ಸಾಲು ಕಣ್ಣಿಗೆ ಬಿತ್ತು. ಒಂದೊಂದು ಮೋಟರನ್ನೂ ತೋರಿಸಿ ಇದು ಯಾಕೆ ನಿಂತಿದೆ, ಅದು ಯಾಕೆ ನಿಂತಿದೆ ಎಂದು ಕೇಳಿದ. ಪರಮಾನಂದನಿಗೆ ಹದಿನಾಲ್ಕರ ಚರಿತ್ರೆಯೂ ಬಾಯಲ್ಲಿತ್ತು: ಯಾರದು, ಏನು ಕೆಟ್ಟಿತ್ತು, ಇನ್ನೆಷ್ಟು ಕೆಲಸ ಬಾಕಿ. ನಿಂತದ್ದು ಯಾಕೆ ಎನ್ನುವುದಕ್ಕೆ ಮಾತ್ರ ಒಂದಕ್ಕೂ ಉತ್ತರ ಇರಲಿಲ್ಲ. ಶಾಲೆಯಲ್ಲಿ ಹೇಗಿದ್ದಿರಿ ಎಂದು ಯುವರಾಜ ಕೇಳಿದ. ಲೆಕ್ಕದಲ್ಲಿ ತರಗತಿಗೇ ಮೊದಲಿಗನಾಗಿದ್ದೆ, ಆದರೆ ಒಂದು ನೋಟ್‌ಬುಕ್ಕೂ ಕೊನೆಯ ಹಾಳೆಯವರೆಗೆ ಬರೆದದ್ದಿಲ್ಲ ಎಂದ ಪರಮಾನಂದ. ಆಸ್ಪತ್ರೆಗೆ ವಾರದಲ್ಲಿ ಎರಡು ದಿನ ಮನಸ್ಸಿನ ಡಾಕ್ಟರ್ ಬರುತ್ತಾರೆ, ನೀವೊಮ್ಮೆ ಅವರೆದುರು ಕೂರಬೇಕು ಎಂದ ಯುವರಾಜ. ತನಗೆ ಹುಚ್ಚೇ ಎಂದು ಪರಮಾನಂದ ಕೇಳಲಿಲ್ಲ. ಏನಾದರೂ ಒಂದು ಇದ್ದರೆ ಸಾಕು ಎನ್ನುವ ಹಂತಕ್ಕೆ ಅವನು ಬಂದಿದ್ದ.

ಹೋಗುವುದನ್ನೂ ಅವನು ಎರಡು ವಾರ ಮುಂದೂಡಿದ. ಕೊನೆಗೆ ಯುವರಾಜನೇ ಬಂದು ಬೈಕ್ ಮೇಲೆ ಹತ್ತಿಸಿಕೊಂಡು ಹೋದ.

ಡಾಕ್ಟರ್ ಬಾಯಿ ಐವತ್ತರ ಆಸುಪಾಸಿನ ಹೆಣ್ಣುಮಗಳು, ಅವಸರ ಇಲ್ಲದವರು. ಮೊದಲ ದಿನ ಬಹಳ ಪ್ರಶ್ನೆ ಕೇಳಿದರು. ಎರಡನೆಯ ಸಲ ಬರುವಾಗ ನಿಮ್ಮನ್ನು ಚಿಕ್ಕಂದಿನಿಂದ ಬಲ್ಲವರನ್ನು ಕರೆದುಕೊಂಡು ಬನ್ನಿ ಎಂದರು. ಸಾವಿತ್ರೆವ್ವ ಹೋದಳು. ಮಗನಿಗೆ ನಿದ್ದೆ ಬರುವುದಿಲ್ಲ, ಅದಕ್ಕೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಮಗ ಚಿಕ್ಕವನಿದ್ದಾಗ ಹೇಗಿದ್ದ ಎಂದು ಕೇಳಿದ್ದಕ್ಕೆ ಅವಳ ಮುಖ ಅರಳಿತು. ಬೆಲ್ಲ ತರಲು ಕಳಿಸಿದರೆ ಹೊತ್ತು ಮುಳುಗಿದ ಮೇಲೆ ಬರಿಗೈಯಲ್ಲಿ ಬರುತ್ತಿದ್ದ. ಕೇಳಿದರೆ ಯಾರದೋ ಪಂಪ್‌ಸೆಟ್ ಬಿಚ್ಚುತ್ತಿದ್ದರು, ನೋಡುತ್ತ ನಿಂತೆ ಎನ್ನುತ್ತಿದ್ದ. ಒಂದೇ ವರ್ಷದಲ್ಲಿ ಮೂರು ಪಾಟಿಚೀಲ ಕಳೆದ. ಹೇಳುತ್ತಿದ್ದವಳ ದನಿ ನಡುವೆ ಇಳಿಯಿತು.

"ಇವರಪ್ಪ ಬಾರಕೋಲ ಮುರಿಯೂಮಟ ಹೊಡದರ್ರಿ. ಮೈಗಳ್ಳ, ಮೈಗಳ್ಳ ಅಂತ. ನಾನೂ ಹೊಡದೀನ್ರಿ ಬಾಯಾರ. ಅದು ಹೊಡದ್ರ ಹೋಗೂದಲ್ಲೇನ್ರಿ?"

ಹೊಡೆದರೆ ಹೋಗುವಂಥದ್ದಲ್ಲ ಎಂದರು ಡಾಕ್ಟರ್. ಅದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ, ಹುಟ್ಟಿನಿಂದ ಮಿದುಳು ಕೆಲಸ ಮಾಡುವ ರೀತಿಯೇ ಬೇರೆ, ಮಕ್ಕಳಲ್ಲಿ ಗುರುತಿಸದಿದ್ದರೆ ಹೀಗೆ ದೊಡ್ಡವರಾದ ಮೇಲೂ ಗೊತ್ತಾಗದೆ ಉಳಿದುಬಿಡುತ್ತದೆ ಎಂದು ತಿಳಿಸಿ ಹೇಳಿದರು. ಮನಸ್ಸು ಹಿಡಿದ ಕೆಲಸದಲ್ಲಿ ಲೋಕ ಮರೆಯುವುದೂ, ಹಿಡಿಯದ ಕೆಲಸದ ಹತ್ತಿರ ಹೋಗಲಾಗದಿರುವುದೂ ಅದರದೇ ಎರಡು ಮುಖ. ಕೆಲಸ ಬೇಡವಾಗುವುದು ಬೇರೆ, ಬೇಕಿದ್ದೂ ಶುರು ಮಾಡಲಾಗದಿರುವುದು ಬೇರೆ.

ಪರಮಾನಂದನಿಗೆ ಚಿಕ್ಕಂದಿನಿಂದ ಹೊತ್ತುಕೊಂಡಿದ್ದ ಮೈಗಳ್ಳ ಎಂಬ ಹೆಸರು ಕಳಚಿ ಬಿದ್ದಂತಾಯಿತು. ಆದರೆ ಹಗುರವಾಗಲಿಲ್ಲ. ತಾಯಿಯನ್ನು ಹೊರಗೆ ಕೂರಿಸಿ, ಅರ್ಜಿಯ ವಿಷಯವನ್ನೂ ತಾನು ಹೇಳಿದ ಎರಡು ಸುಳ್ಳನ್ನೂ ಡಾಕ್ಟರಿಗೆ ಹೇಳಿದ. ಅದೂ ಈ ರೋಗದಿಂದಲೇ ಆದದ್ದೇ ಎಂದು ಕೇಳಿದ.

"ಅರ್ಜಿ ಹಾಕಲಾರದ್ದು ಇದರಿಂದ ಆಗಿರಬೇಕು," ಅಂದರು ಅವರು. "ಸುಳ್ಳಿಗೆ ನನ್ನ ಹತ್ರ ಗುಳಿಗಿ ಇಲ್ಲ. ಅದನ್ನ ನೀವ ಸರಿ ಮಾಡಬೇಕು."

ಗುಳಿಗೆ ಶುರುವಾಯಿತು. ಮೊದಮೊದಲು ಹಸಿವು ಸತ್ತು, ಬಾಯಿ ಒಣಗಿತು. ಮೂರನೇ ವಾರಕ್ಕೆ ತಲೆಯೊಳಗಿನ ಗದ್ದಲ ತುಸು ಇಳಿದಂತಾಯಿತು. ಗಿರಣಿಯಲ್ಲಿ ನಾಲ್ಕು ಯಂತ್ರ ಕೂಡಿ ಓಡುವಾಗ ಎರಡು ನಿಂತರೆ ಆಗುವ ಹಾಗೆ. ಡಾಕ್ಟರ್ ಕೆಲಸದ ಬಗೆಯನ್ನೂ ಹೇಳಿಕೊಟ್ಟಿದ್ದರು. ದೊಡ್ಡ ಕೆಲಸವನ್ನು ನೋಡಬೇಡಿ, ಅದರ ಮೊದಲ ಚೂರನ್ನಷ್ಟೇ ನೋಡಿ. ಹೊಸ ಮೋಟರ್ ಹಿಡಿಯುವ ಮೊದಲು ಹಳೆಯದೊಂದನ್ನು ಹೊರಗೆ ಕಳಿಸಿ. ಒಬ್ಬರೇ ಆಗದಿದ್ದರೆ ಯಾರನ್ನಾದರೂ ಹತ್ತಿರ ಕೂರಿಸಿಕೊಳ್ಳಿ, ಅವರು ಏನೂ ಮಾಡಬೇಕಿಲ್ಲ, ಕೂತರೆ ಸಾಕು. ಕೆಲವು ದಿನ ಇದು ಕೆಲಸ ಮಾಡಿತು, ಕೆಲವು ದಿನ ಮಾಡಲಿಲ್ಲ. ಒಮ್ಮೆ ಗುಳಿಗೆ ತರುವುದನ್ನೇ ನಾಳೆ ನಾಳೆ ಎಂದು ಐದು ದಿನ ತಪ್ಪಿಸಿಕೊಂಡ. ಆದರೂ ಗೋಡೆಯ ಸಾಲು ಹದಿನಾಲ್ಕರಿಂದ ಹನ್ನೊಂದಕ್ಕೆ ಇಳಿಯಿತು.

ರೋಗದ ಹೆಸರನ್ನು ಅವನು ರಾಜಶ್ರೀಗೆ ಹೇಳಿದ ದಿನ ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡದೆ ಎಲ್ಲವನ್ನೂ ಕೇಳಿದಳು.

"ನಿಮ್ಮ ರೋಗಕ್ಕ ಹೆಸರ ಸಿಕ್ಕತಿ, ಛಲೋ ಆತು," ಅಂದಳು. "ನನಗ ಮೊನ್ನಿ ಮೂವತ್ತೈದ ತುಂಬಿದ್ವು."

ಅವನು ಎದ್ದು ಹೋಗಲು ನೋಡಿದ. ಅವಳು ತಡೆದಳು. ತನ್ನ ನೌಕರಿ ಹೋಯಿತು, ಅದು ಯಾರು ಏನು ಮಾಡಿದರೂ ತಿರುಗಿ ಬರುವುದಿಲ್ಲ ಎಂದಳು. ಆದರೆ ಶೇವಂತಿಯ ಅಂಗನವಾಡಿಗೆ ಈಗ ನಾಲ್ಕೇ ಮಕ್ಕಳು ಬರುತ್ತಿದ್ದಾರೆ. ರೊಕ್ಕ ತಿನ್ನಿಸಿ ಬಂದವಳ ಹತ್ತಿರ ಮಕ್ಕಳನ್ನು ಯಾಕೆ ಕಳಿಸಬೇಕು ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದಾರೆ. ಆಕೆ ಸಂತೆಗೆ ಬರುವುದನ್ನೂ ಬಿಟ್ಟಿದ್ದಾಳೆ.

"ಎರಡ ತಿಂಗಳಾತು, ಮನಿ ಮರ್ಯಾದಿ ಅಂತ ನಾನೂ ಬಾಯಿ ಮುಚ್ಚೇನಿ. ನಾನೂ ಪಾಲುಗಾರ್ತಿ. ಆಕಿ ಒಳ್ಳೆ ಹೆಸರ ನಾವ ಕಸಗೊಂಡೇವಿ. ಅದನ್ನ ಹೊಳ್ಳಿ ಕೊಡಾಕ ಬರತೈತಿ."

ಪರಮಾನಂದ ನಾಳೆಯೇ ಹೋಗಿ ಹೇಳುತ್ತೇನೆ ಎಂದ. ಅಂದ ಮೇಲೆ ನಾಳೆ ಎಂಬ ಆ ಮಾತು ಅವನಿಗೇ ಕೇಳಿಸಿತು. ರಾಜಶ್ರೀ ಮತ್ತೆ ಜೋಳ ಕೇರತೊಡಗಿದಳು.

ಶೇವಂತಿಯ ಅಂಗನವಾಡಿ ಅವನ ಮನೆಯಿಂದ ಎರಡು ಓಣಿ ಆಚೆ. ಒಂಬತ್ತು ದಿನ ಅವನು ಹೋಗಲಿಲ್ಲ. ದಿನವೂ ಬೈಕ್ ಅದರ ಮುಂದೆಯೇ ಹಾದುಹೋಗುತ್ತಿತ್ತು. ತಲೆಯಲ್ಲಿ ಮಾತು ಜೋಡಿಸುತ್ತಿದ್ದ, ಊರ ಜನ ನಗುವುದನ್ನು ಕಾಣುತ್ತಿದ್ದ, ಆಕ್ಸಿಲರೇಟರ್ ತಿರುಗಿಸುತ್ತಿದ್ದ. ಇದು ರೋಗವೋ ಹೇಡಿತನವೋ ಬೇರ್ಪಡಿಸಿ ಹೇಳಲು ಅವನಿಂದ ಆಗುತ್ತಿರಲಿಲ್ಲ. ಹತ್ತನೆಯ ದಿನ ಮುಂಜಾನೆ ಗುಳಿಗೆ ನುಂಗಿ ಕೂತವನಿಗೆ ಅನಿಸಿತು: ಇಡೀ ಊರಿಗೆ ಹೇಳುವುದು ದೊಡ್ಡದು, ಶೇವಂತಿಗೆ ಹೇಳುವುದೂ ದೊಡ್ಡದು. ಅದರ ಮೊದಲ ಚೂರು ಈ ಮನೆಯಲ್ಲೇ ಇದೆ. ತಾಯಿ ಹೊರಗೆ ಬಿಸಿಲಿಗೆ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತ.

"ಯವ್ವಾ, ಶೇವಂತಿ ಏನೂ ಮಾಡಿಲ್ಲ. ರಾಜಶ್ರೀ ಅರ್ಜಿ ನಾನ ಹಾಕಿದ್ದಿಲ್ಲ."

ಸಾವಿತ್ರೆವ್ವನ ಆಪರೇಷನ್ ಆದ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಾ ಆಕಿ ಮುಂದ ಉಗುಳಿ ಬಂದೇನಲ್ಲೋ ಪರಮಾ," ಅಂದಳು. ಆಮೇಲೆ ಎದ್ದು ಒಳಗೆ ಹೋದಳು. ಆ ದಿನ ಅವಳು ಊಟ ಮಾಡಲಿಲ್ಲ.

ಪರಮಾನಂದ ಅಂಗಡಿಗೆ ಹೊರಡಲಿಲ್ಲ. ಕಟ್ಟೆಯ ಮೇಲೇ ಕೂತ. ಹನ್ನೆರಡು ಗಂಟೆಯಾಗುತ್ತ ಬಂತು, ಅಂಗನವಾಡಿ ಬಿಡುವ ಹೊತ್ತು. ಚಪ್ಪಲಿ ಎದುರಿಗಿತ್ತು. ಕಾಲು ಮುಂದಕ್ಕೆ ಬರಲಿಲ್ಲ. ಒಳಗಿನಿಂದ ರಾಜಶ್ರೀ ಬಂದು, ತಲೆಯ ಮೇಲೆ ಸೆರಗು ಹೊದ್ದು, ತನ್ನ ಚಪ್ಪಲಿ ಮೆಟ್ಟಿದಳು.

"ನಡೀರಿ. ನಾ ಏನೂ ಮಾತಾಡಂಗಿಲ್ಲ. ಬಾಜೂಕ ನಿಂದರತೀನಿ."

ಇಬ್ಬರೂ ನಡೆದರು. ಅವನು ಮುಂದೆ, ಅವಳು ಒಂದು ಹೆಜ್ಜೆ ಹಿಂದೆ. ಅಂಗನವಾಡಿಯ ಎದುರು ಏಳೆಂಟು ಹೆಂಗಸರು ನಿಂತಿದ್ದರು. ಕೆಲವರು ಮಕ್ಕಳನ್ನು ಕರೆದೊಯ್ಯಲು ಬಂದವರು, ಉಳಿದವರು ಪಕ್ಕದ ನಳಕ್ಕೆ ಕೊಡ ಇಟ್ಟವರು. ಶೇವಂತಿ ನೆಲ ಗುಡಿಸುತ್ತಿದ್ದಳು. ಇವರನ್ನು ಕಂಡು ಕಸಬರಿಗೆ ಗೋಡೆಗಿಟ್ಟು ನೆಟ್ಟಗೆ ನಿಂತಳು. ಮುಖ ಬಿಗಿಯಾಯಿತು. ಪರಮಾನಂದ ಬಾಗಿಲಲ್ಲಿ ನಿಂತು, ಜೋಡಿಸಿದ್ದ ಮಾತೆಲ್ಲ ಮರೆತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅರ್ಜಿ ತನ್ನ ಅಂಗಡಿಯಲ್ಲೇ ಕೂತಿತ್ತು, ಹಾಕಿಯೇ ಇರಲಿಲ್ಲ, ಅದನ್ನು ಮುಚ್ಚಲು ಸುಳ್ಳು ಹೇಳಿದೆ, ಆ ಸುಳ್ಳು ನಿಮ್ಮ ತಲೆಗೆ ಬಂತು ಎಂದ. ರೋಗದ ಹೆಸರು ಎತ್ತಲಿಲ್ಲ.

ಶೇವಂತಿ ಕೈ ಮುಗಿಯಲಿಲ್ಲ, ಹೋಗಲಿ ಬಿಡಿ ಎನ್ನಲಿಲ್ಲ. "ನಾ ಯಾರಿಗೂ ರೊಕ್ಕ ಕೊಟ್ಟಿಲ್ಲಂತ ನನಗ ಮೊದಲ ಗೊತ್ತೈತ್ರಿ," ಅಂದಳು. "ನನಗ ಹೇಳಿ ಏನ ಮಾಡ್ತೀರಿ? ಅವರಿಗೆ ಹೇಳ್ರಿ." ಬೆರಳು ಮಾಡಿ ಹೊರಗೆ ನಿಂತ ಹೆಂಗಸರನ್ನು ತೋರಿಸಿದಳು.

ಪರಮಾನಂದ ತಿರುಗಿದ. ಅಲ್ಲಿದ್ದವರಲ್ಲಿ ಕೆಲವರು ಅವನು ಎತ್ತಿ ಆಡಿಸಿದ ಮಕ್ಕಳು, ಈಗ ಬೆಳೆದು ತಾಯಂದಿರಾದವರು. ಓಡಿಹೋಗಬೇಕು ಅನಿಸಿತು. ಪಕ್ಕದಲ್ಲಿ ರಾಜಶ್ರೀ ನಿಂತಿದ್ದಳು, ಅವನ ಕಡೆ ನೋಡುತ್ತಿರಲಿಲ್ಲ, ಆದರೆ ನಿಂತಿದ್ದಳು. ಅವನು ಮೆಟ್ಟಿಲಿಳಿದು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ, ಈ ಸಲ ಗಟ್ಟಿಯಾಗಿ. ಒಬ್ಬಳು ಸೆರಗು ಬಾಯಿಗಿಟ್ಟು ನಕ್ಕಳು. ಇನ್ನೊಬ್ಬಳು ರಾಜಶ್ರೀಯನ್ನು ಮರುಕದಿಂದ ನೋಡಿದಳು. ನಗುವಿಗಿಂತ ಆ ನೋಟವೇ ಅವನಿಗೆ ಹೆಚ್ಚು ಚುಚ್ಚಿತು. ನಳದ ಹತ್ತಿರ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ತೆಗೆಯಲಿಲ್ಲ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಕೆಲವರು ಅಂಗಡಿಗೆ ಬಂದು ಬೇಕೆಂದೇ ಕೇಳಿ ಹೋದರು. ಹೊಳೆಪ್ಪನೂ ಬಂದ. ಅವತ್ತು ಅರ್ಜಿ ಬಿಟ್ಟು ತನ್ನ ಮೋಟರಿಗಾಗಿ ಅವನು ಕೂತದ್ದೆಂದು ತಿಳಿದು, ತಂದಿದ್ದ ನಾಲ್ಕು ಕಬ್ಬನ್ನು ಬಾಗಿಲಿಗೆ ಆನಿಸಿಟ್ಟು ಹೋದ. ಸಾವಿತ್ರೆವ್ವ ಮರುದಿನ ಒಂದು ಪಾವು ಸಕ್ಕರೆ ಹಿಡಿದು ಒಬ್ಬಳೇ ಶೇವಂತಿಯ ಮನೆಗೆ ಹೋಗಿ ಬಂದಳು. ಅಲ್ಲಿ ಏನು ಮಾತಾಯಿತೆಂದು ಯಾರಿಗೂ ಹೇಳಲಿಲ್ಲ. ಮುಂದಿನ ಸೋಮವಾರ ಅಂಗನವಾಡಿಗೆ ಹದಿಮೂರು ಮಕ್ಕಳು ಬಂದರು.

ರಾಜಶ್ರೀ ಬೇಸಿಗೆಯಲ್ಲಿ ಡಿಗ್ರಿಯ ಮೊದಲ ವರ್ಷಕ್ಕೆ ಹೊರಗಿನಿಂದ ಓದಲು ಅರ್ಜಿ ಹಾಕಿದಳು. ತಾನೇ ಲೋಕಾಪುರಕ್ಕೆ ಬಂದು, ವಿಜಯನ ಅಂಗಡಿಯಲ್ಲಿ ಸರದಿಯಲ್ಲಿ ಕೂತು ಹಾಕಿದಳು. ಮುಗಿಸಿ ಹೋಗುವಾಗ ಗಂಡನ ಅಂಗಡಿಗೂ ಬಂದು ಸ್ಟೂಲಿನ ಮೇಲೆ ಕೂತಳು. ಪರಮಾನಂದ ಅರ್ಧಕ್ಕೆ ನಿಂತ ಒಂದು ಮೋಟರಿನ ಮುಂದೆ ಕೂತಿದ್ದ. ತಂತಿ ಕೈಯಲ್ಲಿತ್ತು, ಶುರುವಾಗುತ್ತಿರಲಿಲ್ಲ. ತನ್ನ ಮೇಲಿನ ಸಿಟ್ಟು ಹೋಯಿತೇ ಎಂದು ಅವನು ತಂತಿ ನೋಡುತ್ತಲೇ ಕೇಳಿದ.

"ಹೋಗಿಲ್ಲ," ಅಂದಳು ರಾಜಶ್ರೀ. "ಹೋಗತೈತೋ ಇಲ್ಲೋ ನನಗೂ ಗೊತ್ತಿಲ್ಲ. ಊರಿನ ಟಂಟಂಗ ಇನ್ನೂ ಒಂದ ತಾಸ ಐತಿ. ಕುಂದರತೀನಿ. ನೀವು ಸುತ್ರಿ."

ಅವನು ಮೊದಲ ಸುತ್ತು ಹಾಕಿದ.